ಕಿಟಕಿಯ ಕಡೆಗೆ ಎರಡು ಗೆರೆ

ನಾನು ಸಿಡುಕ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನ ಹೆಂಡತಿಯ ಬಾಯಿಂದ ಕೇಳಿ ತಿಳಿಯುವುದು ಬೇಡ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ, ಕನ್ನಡಕದ ಪಕ್ಕದಲ್ಲೇ ಕೂತಿರುತ್ತದೆ. ನಲವತ್ತು ವರ್ಷ ಲೆವೆಲ್ ರಿಪೇರಿ ಮಾಡಿದವನು ಬೇರೆ ಹೇಗಿರಲು ಸಾಧ್ಯ, ನೀವೇ ಹೇಳಿ.

ಲೆವೆಲ್ ಎಂದರೆ ಗಾರೆ ಕೆಲಸದವರು ಗೋಡೆಗೆ ಹಿಡಿದು ನೋಡುವ ರಸಮಟ್ಟ ಎಂದುಕೊಂಡರೆ ಈಗಲೇ ಸಿಡುಕುತ್ತೇನೆ. ಇದು ದೊಡ್ಡ ಯಂತ್ರಗಳನ್ನು ನೆಲದ ಮೇಲೆ ಕೂರಿಸುವಾಗ ಬಳಸುವಂಥದ್ದು. ಗೇಣುದ್ದದ ಎರಕದ ಕಬ್ಬಿಣದ ಮೈ, ಅದರ ಬೆನ್ನ ಮೇಲೆ ಬೆರಳಿನಷ್ಟು ಗಾಜಿನ ನಳಿಗೆ, ನಳಿಗೆಯ ಮೇಲೆ ಕೂದಲೆಳೆಯಂಥ ಗೆರೆಗಳು, ಒಳಗೊಂದು ಗುಳ್ಳೆ. ಒಂದು ಮೀಟರ್ ಉದ್ದದ ಹಲಗೆಯ ಮೇಲೆ ಈ ಲೆವೆಲ್ ಇಟ್ಟು, ಹಲಗೆಯ ಒಂದು ತುದಿಯ ಕೆಳಗೆ ಸಿಗರೇಟು ಸುತ್ತುವ ತೆಳು ಕಾಗದದ ಒಂದೇ ಒಂದು ಹಾಳೆ ತೂರಿಸಿ ನೋಡಿ. ಗುಳ್ಳೆ ಒಂದು ಗೆರೆ ಸರಿಯುತ್ತದೆ. ಅಂಗೈಯ ಬಿಸಿ ಒಂದು ತುದಿಗೆ ತಗುಲಿದರೂ ಸಾಕು, ಆ ಕಡೆಗೆ ಓಡುತ್ತದೆ. ಉಸಿರು ಬಿಟ್ಟರೂ ಓಡುತ್ತದೆ. ಅಷ್ಟು ನಾಜೂಕು.

ಅದನ್ನು ಪರೀಕ್ಷಿಸುವ ಕ್ರಮ ಹೀಗೆ. ಕಪ್ಪು ಕಲ್ಲಿನ ನುಣುಪಾದ ಹಾಸಿನ ಮೇಲೆ ಲೆವೆಲ್ ಇಡಬೇಕು, ಕೈ ತೆಗೆಯಬೇಕು, ಗಾಜು ತಣ್ಣಗಾಗುವವರೆಗೆ ಕಾಲು ಗಂಟೆ ಸುಮ್ಮನೆ ನಿಲ್ಲಬೇಕು. ಗುಳ್ಳೆ ಎಲ್ಲಿ ನಿಂತಿತು ಎಂದು ಬರೆದುಕೊಳ್ಳಬೇಕು. ಆಮೇಲೆ ಅದನ್ನು ಒಂದು ತುದಿ ಇನ್ನೊಂದರ ಜಾಗಕ್ಕೆ ಬರುವಂತೆ ತಿರುಗಿಸಿ ಅದೇ ಜಾಗದಲ್ಲಿಟ್ಟು ಮತ್ತೆ ಕಾಲು ಗಂಟೆ ಕಾಯಬೇಕು. ಎರಡು ಸಲವೂ ಗುಳ್ಳೆ ಒಂದೇ ಕಡೆಗೆ, ಅಷ್ಟೇ ಗೆರೆ ಸರಿದು ನಿಂತರೆ ಲೆವೆಲ್ ಪ್ರಾಮಾಣಿಕ, ಓರೆ ಇರುವುದು ಕಲ್ಲು. ಹೆಚ್ಚು ಕಡಿಮೆ ಬಂದರೆ ಅದರಲ್ಲಿ ಅರ್ಧ ತಪ್ಪು ಲೆವೆಲ್ಲಿನದು, ತುದಿಯ ಸಣ್ಣ ತಿರುಪನ್ನು ತಿರುಗಿಸಿ ಸರಿಪಡಿಸಬೇಕು. ಹೇಳಲು ಎರಡು ಮಾತು, ಮಾಡಲು ಎರಡು ದಿನ.

ನನ್ನ ಕಾರ್ಖಾನೆ ಎಂದರೆ ನಮ್ಮ ಮನೆಯ ಮಹಡಿ ಕೋಣೆ. ಅಡುಗೆಮನೆಯ ಪಕ್ಕದಿಂದ ಹದಿನಾಲ್ಕು ಮೆಟ್ಟಿಲು ಹತ್ತಿದರೆ ನಾಲ್ಕು ಹೆಜ್ಜೆಯ ಒಂದು ಓಣಿ, ಓಣಿಯ ಕೊನೆಗೆ ಬಾಗಿಲು. ಬಾಗಿಲಿಗೆ ಎದುರಾಗಿ ಕಿಟಕಿ. ನಡುವೆ ನನ್ನ ಕಲ್ಲು. ನೆಲ ಮಾತ್ರ ಮರದ್ದು, ತೊಲೆಗಳ ಮೇಲೆ ಹಲಗೆ. ಅದರ ಮೇಲೆ ಮನುಷ್ಯ ಓಡಾಡಿದರೆ ಗುಳ್ಳೆಗೆ ಗೊತ್ತಾಗದೆ ಇರುತ್ತದೆಯೇ? ಅದಕ್ಕೇ ಕಲ್ಲಿನ ಮುಂದೆ ಸೀಮೆಸುಣ್ಣದಲ್ಲಿ ನನ್ನ ಎರಡು ಪಾದ ಬರೆದುಕೊಂಡಿದ್ದೇನೆ. ಗುಳ್ಳೆ ನೋಡುವಾಗ ಆ ಪಾದಗಳ ಮೇಲೇ ನಿಲ್ಲಬೇಕು, ಅತ್ತ ಇತ್ತ ಅಲುಗಬಾರದು. ಇನ್ನೊಬ್ಬರು ಒಳಗೆ ಕಾಲಿಡಲೇಬಾರದು. ಬಾಗಿಲಿನ ಹೊರಗೆ ನೇತು ಹಾಕಲು ಒಂದು ರಟ್ಟು ಮಾಡಿಟ್ಟಿದ್ದೆ. ಅದರ ಮೇಲೆ ದಪ್ಪಕ್ಷರದಲ್ಲಿ ‘ಗುಳ್ಳೆ ಕೆಲಸ. ಹೊಸಿಲು ದಾಟಬೇಡಿ’ ಎಂದು ಬರೆದಿತ್ತು. ಮೂವತ್ತು ವರ್ಷದಲ್ಲಿ ನನ್ನ ಹೆಂಡತಿ ಒಂದು ಸಲವೂ ಆ ರಟ್ಟನ್ನು ಮೀರಿದವಳಲ್ಲ. ಮಗಳು ಚಿಕ್ಕವಳಿದ್ದಾಗ ಮಂಡಿ ತರಚಿಕೊಂಡು ಅಳುತ್ತಾ ಮೇಲೆ ಬಂದರೆ, ಮಗುವಿನ ಬಾಯಿಗೆ ಕೈ ಅಡ್ಡ ಇಟ್ಟು ಎತ್ತಿಕೊಂಡು ಕೆಳಗೆ ಓಡುತ್ತಿದ್ದಳು.

ಹೋದ ವರ್ಷ ನನ್ನ ಎದೆ ಕೈ ಕೊಟ್ಟಿತು. ಇದೇ ಕೋಣೆಯಲ್ಲಿ, ಇದೇ ಕಲ್ಲಿನ ಮುಂದೆ. ಹೇಗೆ ಬಿದ್ದೆ, ಎಷ್ಟು ಹೊತ್ತು ಬಿದ್ದಿದ್ದೆ, ನನಗೆ ಒಂದೂ ನೆನಪಿಲ್ಲ. ಕಣ್ಣು ಬಿಟ್ಟಾಗ ಕಂಡದ್ದು ಆಸ್ಪತ್ರೆಯ ಸೂರು. ಅದೂ ಮಟ್ಟವಾಗಿರಲಿಲ್ಲ, ಬಿಡಿ. ಆ ದಿನದ ಬಗ್ಗೆ ಹೆಂಡತಿಯನ್ನು ಎಷ್ಟು ಸಲ ಕೇಳಿದರೂ ‘ಆಯ್ತಲ್ಲ, ಬಿಡಿ’ ಎನ್ನುವುದು ಬಿಟ್ಟರೆ ಇನ್ನೊಂದು ಮಾತಿಲ್ಲ.

ಐದು ತಿಂಗಳು ಹಾಸಿಗೆ, ಸೋಫಾ, ಮಾತ್ರೆ. ಆರನೇ ತಿಂಗಳು ಮೇಲೆ ಹತ್ತಿದೆ. ನೋಡಿದರೆ ಇವಳು ಬಾಗಿಲಲ್ಲೇ ಠಿಕಾಣಿ. ಒಂದು ದಿನ ಸಹಿಸಿಕೊಂಡೆ, ಎರಡು ದಿನ ಸಹಿಸಿಕೊಂಡೆ. ಮೂರನೆಯ ದಿನ ಕೂಗಾಡಿಬಿಟ್ಟೆ.

“ನಾನೇನು ತೊಟ್ಟಿಲ ಮಗುನಾ? ಕಾವಲು ಕಾಯ್ತೀಯಾ? ಹೋಗು ಕೆಳಗೆ! ನೀನು ಹಿಂಗೆ ನಿಂತ್ರೆ ನನ್ನ ಕೈ ಓಡಲ್ಲ.”

ಅವಳು ಇಳಿದು ಹೋದಳು. ಮತ್ತೆ ಬಾಗಿಲಲ್ಲಿ ಕಾಣಿಸಿಕೊಳ್ಳಲಿಲ್ಲ. ಮೇಲಾಗಿ ಅವಳಿಗೆ ಮಂಡಿ ನೋವು. ಮಹಡಿಯ ಮೇಲೆ ಬಟ್ಟೆ ಒಣಗಿಸುವುದನ್ನೂ ಬಿಟ್ಟಿದ್ದಾಳೆ, ಬಕೆಟ್ಟು ಹೊರುವವನು ನಾನೇ. ಅವಳದೂ ಒಂದು ಕೆಲಸವಿದೆ. ಶಾಲೆಯ ಸಮವಸ್ತ್ರ ಮಾರುವ ಅಂಗಡಿಗೆ ಕಾಲರು, ಗುಂಡಿ ಹೊಲಿದುಕೊಡುತ್ತಾಳೆ. ಕೆಳಗಿನಿಂದ ಹೊಲಿಗೆ ಯಂತ್ರದ ಕಟಕಟ ಕೇಳುತ್ತಿದ್ದರೆ ಸರಿ, ಅವಳ ಪಾಡಿಗೆ ಅವಳಿದ್ದಾಳೆ ಎಂದುಕೊಳ್ಳುತ್ತಿದ್ದೆ. ನನಗೂ ಆಗ ಅರ, ಸುತ್ತಿಗೆಯ ಸಣ್ಣಪುಟ್ಟ ಕೆಲಸವಷ್ಟೇ, ಗುಳ್ಳೆ ಕೆಲಸ ಒಂದೂ ಬಂದಿರಲಿಲ್ಲ.

ಮಗಳು ಬಸ್ಸಿನಲ್ಲಿ ಒಂದು ಗಂಟೆಯ ದೂರದಲ್ಲಿದ್ದಾಳೆ. ಶಾಲೆಯಲ್ಲಿ ಲೆಕ್ಕ ಕಲಿಸುತ್ತಾಳೆ, ಮನೆಗೆ ಬಂದರೆ ನಮಗೂ ಕಲಿಸುತ್ತಾಳೆ. ಹೋದ ಭಾನುವಾರ ಬಂದವಳು ಕೂತಲ್ಲೇ ಶುರು ಮಾಡಿದಳು.

“ಅಪ್ಪ, ಸಾಕು ಇನ್ನು. ಆ ಕಲ್ಲು, ಕಬ್ಬಿಣ ಕಚ್ಚಿ ಹಿಡಿಯೋ ವೈಸು ಎಲ್ಲ ಯಾರಿಗಾದ್ರೂ ಕೊಟ್ಟು ಕೋಣೆ ಖಾಲಿ ಮಾಡಿ. ನಿಮ್ಮ ಕೈ ನೋಡಿಕೊಳ್ಳಿ, ಲೋಟ ಹಿಡಿದ್ರೆ ನಡುಗುತ್ತೆ.”

“ಲೋಟ ಹಿಡಿಯೋ ಕೈ ಬೇರೆ, ತಿರುಪು ಹಿಡಿಯೋ ಕೈ ಬೇರೆ.”

“ನಿಮಗೆ ಇರೋದು ಎರಡೇ ಕೈ ಅಪ್ಪ.”

ನನಗೆ ರೇಗಿತು. ರೇಗಿದಾಗ ಬಾಯಿಗೆ ಬಂದದ್ದನ್ನು ಆಡಿಬಿಡುವುದು ನನ್ನ ಹಳೆಯ ಕಾಯಿಲೆ. “ಸರಿ! ನಾಳೆ ಉದ್ದಣ್ಣ ಒಂದು ಲೆವೆಲ್ ತರ್ತಾನೆ. ಅದನ್ನ ಶನಿವಾರದೊಳಗೆ ಸರಿ ಮಾಡಿ ಕೊಟ್ರೆ ಕೋಣೆ ನಂದು. ಆಗಲಿಲ್ವಾ, ಎಲ್ಲ ಮಾರಿಬಿಡು, ನಾನು ಸೋಫಾದಲ್ಲಿ ಕೂತು ಪೇಪರ್ ಓದ್ತೀನಿ.”

ಇವಳು ಅಲ್ಲೇ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಿ ನನ್ನನ್ನೊಮ್ಮೆ ನೋಡಿದಳು, ಅಷ್ಟೇ.

ಮಗಳು ಹೋದ ಮೇಲೆ ಅಳುಕಿದೆ. ಸುಳ್ಳೇಕೆ ಹೇಳಲಿ, ಕೈಯ ಬಗ್ಗೆ ನನಗೂ ಅನುಮಾನವಿತ್ತು. ಆ ಕೋಣೆ ಹೋದರೆ ನಾನು ಬೆಳಿಗ್ಗೆ ಎದ್ದು ಯಾವ ಕಡೆ ಮುಖ ಮಾಡಬೇಕು? ಮನುಷ್ಯ ಎಷ್ಟು ಹೊತ್ತು ಪೇಪರ್ ಓದಬಹುದು?

ಉದ್ದಣ್ಣ ನನ್ನ ಹತ್ತಿರ ಕೆಲಸ ಕಲಿತವನು. ಈಗ ದೊಡ್ಡ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ನಮ್ಮ ಬಾಗಿಲಿಗೆ ಬಗ್ಗಿಯೇ ಬರಬೇಕು, ಅದಕ್ಕೇ ಆ ಹೆಸರು. ಸೋಮವಾರ ಸಂಜೆ ಉಣ್ಣೆಯ ಬಟ್ಟೆಯಲ್ಲಿ ಸುತ್ತಿದ ಲೆವೆಲ್ಲನ್ನು ಎಳೆಗೂಸಿನ ಹಾಗೆ ಎತ್ತಿಕೊಂಡು ಬಂದ. ಯಾರೋ ಕೆಳಗೆ ಬೀಳಿಸಿ ನಳಿಗೆ ಒಡೆದಿತ್ತು. ಹೊಸ ನಳಿಗೆಯನ್ನೂ ತಂದಿದ್ದ.

“ಗುರುಗಳೇ, ಶನಿವಾರ ಹೊಸ ಯಂತ್ರ ಕೂರಿಸ್ಬೇಕು. ನಿಮ್ಮನ್ನ ಬಿಟ್ರೆ ಇದನ್ನ ಮುಟ್ಟೋರು ಯಾರೂ ಇಲ್ಲ.”

“ನಾನೂ ಮುಟ್ಟದ ಕಾಲ ಬರುತ್ತೆ, ಆಗೇನ್ ಮಾಡ್ತೀಯೋ?” ಎಂದೆ. ಅವನು ನಕ್ಕ. ನಾನು ನಗಲಿಲ್ಲ.

ಹೊಸ ನಳಿಗೆಯನ್ನು ಅವತ್ತೇ ಕೂರಿಸಿದೆ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ರಟ್ಟು ನೇತು ಹಾಕಿ, ಲೆವೆಲ್ಲನ್ನು ಕಲ್ಲಿನ ಮೇಲಿಟ್ಟು, ನನ್ನ ಸೀಮೆಸುಣ್ಣದ ಪಾದಗಳ ಮೇಲೆ ನಿಂತೆ. ಗುಳ್ಳೆ ನಿಧಾನವಾಗಿ ಕಿಟಕಿಯ ಕಡೆಗೆ ಒಂದು ಗೆರೆಯಲ್ಲಿ ಬಂದು ನಿಂತಿತು. ಚೆನ್ನಾಗಿದೆ ಎಂದುಕೊಂಡೆ. ಕಾಲು ಗಂಟೆಯಾಗುತ್ತಾ ಬಂತು. ಪೆನ್ಸಿಲು ತೆಗೆದುಕೊಳ್ಳಬೇಕು, ಅಷ್ಟರಲ್ಲಿ ಗುಳ್ಳೆ ಕಿಟಕಿಯ ಕಡೆಗೆ ಇನ್ನೂ ಎರಡು ಗೆರೆ ಸರಿಯಿತು. ಯಾರೂ ಮುಟ್ಟಿಲ್ಲ, ಏನೂ ಆಗಿಲ್ಲ. ಮೂರು ಗೆರೆಯಲ್ಲಿ ಒಂದೆರಡು ನಿಮಿಷ ನಿಂತಿತು. ನಾನು “ಇದರಪ್ಪನ!” ಎಂದು ಗೊಣಗಿದೆ. ಮತ್ತೆ ಮೆಲ್ಲಗೆ ಒಂದು ಗೆರೆಗೆ ಬಂದು ಏನೂ ಅರಿಯದ ಹಾಗೆ ಕೂತಿತು.

ನಳಿಗೆ ಸಡಿಲವಿರಬೇಕೆಂದು ಬಿಚ್ಚಿ ಮತ್ತೆ ಕೂರಿಸಿದೆ. ಮಧ್ಯಾಹ್ನ ಅದೇ ಆಟ. ಬಿಸಿಲಿರಬೇಕೆಂದು ಕಿಟಕಿಗೆ ದಪ್ಪ ಪರದೆ ಎಳೆದೆ. ಅದೇ ಆಟ. ಬೀದಿಯಲ್ಲಿ ಲಾರಿ ಹೋದಾಗಲೆಲ್ಲ ಗುರುತು ಹಾಕಿಕೊಂಡೆ. ಲಾರಿಗೂ ಗುಳ್ಳೆಗೂ ಸಂಬಂಧವಿಲ್ಲ. ಕಣ್ಣಿನ ದೋಷವೇ ಎಂದು ಭೂತಗನ್ನಡಿ ಹಿಡಿದೆ. ಭೂತಗನ್ನಡಿಯಲ್ಲಿ ತಪ್ಪು ಇನ್ನೂ ದೊಡ್ಡದಾಗಿ ಕಂಡಿತು. ನಾನು ಏನು ಮಾಡಿದರೂ ಅದು ಜಪ್ಪಯ್ಯ ಎನ್ನಲಿಲ್ಲ.

ನನ್ನಲ್ಲಿ ಒಂದು ನೋಟ್‌ಬುಕ್ ಇದೆ. ಹೊತ್ತು, ಗುಳ್ಳೆ ನಿಂತ ಗೆರೆ, ಏರುಪೇರಾದರೆ ಕಾರಣ, ಹೀಗೆ ಮೂರು ಕಲಮು. ಪ್ರತಿ ಸಲ ಗುಳ್ಳೆ ಓಡಿದಾಗಲೂ ಹೊತ್ತು ಬರೆದು, ಕಾರಣದ ಜಾಗದಲ್ಲಿ ‘ತಿಳಿಯದು’ ಎಂದು ಬರೆದೆ. ಗುರುವಾರ ಮಧ್ಯಾಹ್ನಕ್ಕೆ ಮೂವತ್ತೊಂದು ‘ತಿಳಿಯದು’ಗಳಾದವು. ನಲವತ್ತು ವರ್ಷದ ನೋಟ್‌ಬುಕ್ಕುಗಳನ್ನೆಲ್ಲ ಗುಡ್ಡೆ ಹಾಕಿದರೂ ಅಷ್ಟು ಸಿಗುತ್ತಿರಲಿಲ್ಲ.

ಊಟಕ್ಕೆ ಕೂತಾಗ ಇವಳು ಎಂದಿನ ಹಾಗೆ ತನ್ನ ಕುರ್ಚಿಯ ಮೇಲೆ ಕೂತಳು, ಅದು ಎಂದಿನ ಹಾಗೆ ಟಕ್ಕೆಂದು ಒಂದು ಕಡೆಗೆ ವಾಲಿತು. ಅದರ ಒಂದು ಕಾಲು ಗಿಡ್ಡ.

“ಊರೋರ ಲೆವೆಲ್ಲೆಲ್ಲ ಸರಿ ಮಾಡ್ತೀರಿ,” ಎಂದಳು, “ಈ ಕುರ್ಚಿ ಕಾಲು ಮಾತ್ರ ಮೂವತ್ತು ವರ್ಷದಿಂದ ನಾಳೆ, ನಾಳೆ.”

ಬೇರೆ ದಿನವಾಗಿದ್ದರೆ ಪ್ರತಿಯಾಗಿ ಏನಾದರೂ ಕುಟುಕುತ್ತಿದ್ದೆ. ಅವತ್ತು ತಟ್ಟೆ ನೋಡುತ್ತಾ ಕೂತೆ.

“ಯಾಕೆ, ಏನಾಯ್ತು?”

“ಕೈ ಹೋಯ್ತು ಕಣೇ,” ಎಂದೆ. “ಗುಳ್ಳೆ ನಿಲ್ತಾನೇ ಇಲ್ಲ. ನನ್ನಿಂದಾಗಲ್ಲ. ಮಗಳು ಹೇಳಿದ್ದೇ ಸರಿ.”

ಅವಳು ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು. ಕೋಣೆ ಮುಚ್ಚಿದರೆ ಇವಳಿಗೆ ನೆಮ್ಮದಿಯೇ ಎಂದು ನಾನು ತಿಳಿದಿದ್ದೆ. ಅವಳು ನನ್ನ ಕೈಯನ್ನು ಎಳೆದುಕೊಂಡು, ಮಾರುಕಟ್ಟೆಯಲ್ಲಿ ತರಕಾರಿ ನೋಡುವವಳ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

“ಎಲ್ಲೂ ಹೋಗಿಲ್ಲ, ಇಲ್ಲೇ ಇದೆ. ನಾಳೆ ಒಂದಿನ ನೋಡಿ. ಇಷ್ಟು ಬೇಗ ಸೋಲೋ ಗಂಡನ್ನ ನಾನು ಕಟ್ಟಿಕೊಂಡಿಲ್ಲ.”

ಶುಕ್ರವಾರ ಬೆಳಿಗ್ಗೆ ಮೇಲೆ ಹೋದವನು ಬೇರೆ ಕ್ರಮ ಹಿಡಿದೆ. ಇವತ್ತು ತಿರುಪು ಮುಟ್ಟುವುದೇ ಬೇಡ, ಕಣ್ಣಲ್ಲಿ ಕಣ್ಣಿಟ್ಟು ಗುಳ್ಳೆಯನ್ನಷ್ಟೇ ನೋಡುವುದು, ಅದು ಓಡುವ ಗಳಿಗೆಯಲ್ಲಿ ಲೋಕದಲ್ಲಿ ಏನೇನು ಆಗುತ್ತಿದೆ ಎಂದು ಕಿವಿಗೊಟ್ಟು ಕೇಳುವುದು. ರಟ್ಟು ನೇತು ಹಾಕಿ, ಬಾಗಿಲು ಮುಂದಕ್ಕೆಳೆದು, ಪಾದದ ಮೇಲೆ ಪಾದವಿಟ್ಟು ನಿಂತೆ.

ಗುಳ್ಳೆ ಒಂದು ಗೆರೆಯಲ್ಲಿ ನಿಂತಿತು. ಬೀದಿಯಲ್ಲಿ ಸೈಕಲ್ಲಿನ ಗಂಟೆ. ಪಕ್ಕದ ಮನೆಯಲ್ಲಿ ಯಾರೋ ಕೊಡ ತುಂಬಿಸುವ ಸದ್ದು. ಕೆಳಗೆ ಹೊಲಿಗೆ ಯಂತ್ರದ ಕಟಕಟ. ಐದು ನಿಮಿಷ, ಏಳು ನಿಮಿಷ. ಹೊಲಿಗೆ ಯಂತ್ರ ನಿಂತಿತು. ಅದರಲ್ಲೇನು ವಿಶೇಷ, ದಾರ ಮುಗಿದಿರಬೇಕು. ಮತ್ತೆ ಒಂದೆರಡು ನಿಮಿಷ. ಆಗ ಗುಳ್ಳೆ ಹೊರಟಿತು. ಕಿಟಕಿಯ ಕಡೆಗೆ ಎರಡು ಗೆರೆ.

ಗುಳ್ಳೆ ಯಾವಾಗಲೂ ಎತ್ತರದ ಕಡೆಗೇ ಓಡುವುದು. ಕಿಟಕಿಯ ಕಡೆಗೆ ಓಡಿತೆಂದರೆ ಬಾಗಿಲಿನ ಕಡೆಗೆ ನೆಲ ತಗ್ಗಿದೆ. ಬಾಗಿಲಿನ ಕಡೆ ಏನಿದೆ? ಏನೂ ಇಲ್ಲ.

ಗಂಟಲಲ್ಲಿ ಕಫ ಸಿಕ್ಕಿಕೊಂಡು ಕೆಮ್ಮಿದೆ. ಕಾಲು ನಿಮಿಷವೂ ಆಗಲಿಲ್ಲ, ಗುಳ್ಳೆ ವಾಪಸ್ಸು ಬಂತು. ಕೆಳಗೆ ಕಟಕಟ ಶುರುವಾಯಿತು.

ನಾನು ದಡ್ಡನಿರಬಹುದು, ಆದರೆ ಅಷ್ಟು ದಡ್ಡನಲ್ಲ. ಮತ್ತೆ ಉಸಿರು ಬಿಗಿ ಹಿಡಿದು ಸದ್ದಿಲ್ಲದೆ ನಿಂತೆ. ಹೊಲಿಗೆ ಯಂತ್ರ ನಿಂತಿತು. ಗುಳ್ಳೆ ಎರಡು ಗೆರೆ ಹೋಯಿತು. ಈ ಸಲ ಸುಮ್ಮನೆ ‘ಹ್ಞೂಂ’ ಎಂದೆ. ಗುಳ್ಳೆ ಬಂತು, ಕಟಕಟ ಬಂತು. ಮೂರನೆಯ ಸಲ ಗುಳ್ಳೆ ಹೋದಾಗ ಪಾದ ಅಲುಗಿಸದೆ ಕುತ್ತಿಗೆ ಮಾತ್ರ ತಿರುಗಿಸಿ ನೋಡಿದೆ. ಬಾಗಿಲ ಕೆಳಗಿನ ಸಂದಿಯ ಬೆಳಕಿನಲ್ಲಿ ಎರಡು ಕಡೆ ನೆರಳಿತ್ತು. ಎರಡು ಬರಿಗಾಲು.

ಮೊದಲು ಬಂದದ್ದು ಸಂತೋಷ. ಕೈ ಹೋಗಿಲ್ಲ! ಕಣ್ಣು ಹೋಗಿಲ್ಲ! ನೋಟ್‌ಬುಕ್ಕಿನ ಮೂವತ್ತೊಂದು ಸಾಲಿನಲ್ಲಿ ಒಂದೂ ನನ್ನ ತಪ್ಪಲ್ಲ! ಅದರ ಹಿಂದೆಯೇ ಸಿಟ್ಟು ಬಂತು. ನಾಲ್ಕು ದಿನ ನನ್ನ ಜೀವ ಹಿಂಡಿದ ಭೂತ ಇವಳೇನಾ? ಎರಡೇ ಹೆಜ್ಜೆಗೆ ಹೋಗಿ ಬಾಗಿಲು ದಡಾರನೆ ತೆಗೆದೆ.

ಅವಳು ಓಣಿಯಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಅರ್ಧ ಹೊಲಿದ ಕಾಲರು, ಇನ್ನೊಂದು ಕೈ ಗೋಡೆಗೆ. ಕಿವಿಯನ್ನು ಬಾಗಿಲಿಗೆ ಆನಿಸಿಕೊಂಡಿದ್ದವಳು ಬೆಚ್ಚಿ ಹಿಂದೆ ಸರಿದಳು.

“ನಾನು ಒಳಗೆ ಕಾಲಿಟ್ಟಿಲ್ಲ ರೀ!” ಎಂದಳು ಒಂದೇ ಉಸಿರಿಗೆ. “ಹೊಸಿಲು ದಾಟಿಲ್ಲ, ನಿಮ್ಮಾಣೆ. ರಟ್ಟು ನೋಡ್ಕೊಂಡೇ ನಿಂತಿದ್ದೆ.”

ಕಾಲ ಕೆಳಗಿನ ಹಲಗೆ ನೋಡಿದೆ. ಕೋಣೆಯ ತೊಲೆ ಗೋಡೆಗೇ ಮುಗಿಯುತ್ತದೆ ಎಂದು ನಾನು ಮೂವತ್ತು ವರ್ಷ ನಂಬಿದ್ದೆ. ಅದು ಗೋಡೆಯ ಅಡಿಯಿಂದ ನುಸುಳಿ ಓಣಿಯ ಕೊನೆಯವರೆಗೂ ಬಂದಿದೆ. ಅವಳು ಸರಿಯಾಗಿ ಅದರ ನೆತ್ತಿಯ ಮೇಲೆ ನಿಂತಿದ್ದಳು. ಗುಳ್ಳೆ ಕೆಲಸದ ಹೊತ್ತಿನಲ್ಲಿ ಮೂವತ್ತು ವರ್ಷ ಯಾರೂ ಅಲ್ಲಿ ನಿಂತಿರಲಿಲ್ಲ. ನನಗೆ ಗೊತ್ತಾಗುವುದಾದರೂ ಹೇಗೆ?

“ದಿನಕ್ಕೆ ಎಷ್ಟು ಸಲ ಬರ್ತೀಯ?”

“ಸದ್ದು ನಿಂತಾಗ ಬರ್ತೀನಿ.” ತಲೆ ತಗ್ಗಿಸಿದಳು. “ನೀವು ಅರ ಹಾಕಿ ಉಜ್ಜುತ್ತಿದ್ರೆ, ಸುತ್ತಿಗೆ ಹೊಡೀತಿದ್ರೆ, ನನಗೆ ಆರಾಮ. ಬೈತಿದ್ರೆ ಇನ್ನೂ ಆರಾಮ. ಸದ್ದೇ ಇಲ್ಲ ಅಂದ್ರೆ ಕೂರಕ್ಕಾಗಲ್ಲ. ಬಂದು, ಕೆಮ್ಮೋದೋ ಗೊಣಗೋದೋ ಒಂದು ಕೇಳಿಸ್ಕೊಂಡು ಹೋಗ್ತೀನಿ.”

ಗುಳ್ಳೆ ಕೆಲಸವೆಂದರೆ ಸದ್ದಿಲ್ಲದ ಕೆಲಸ. ನಾನು ಸುಮ್ಮನಾದಷ್ಟೂ ಅವಳು ಮೆಟ್ಟಿಲು ಹತ್ತುತ್ತಾಳೆ, ಅವಳು ಹತ್ತಿದಷ್ಟೂ ಗುಳ್ಳೆ ಓಡುತ್ತದೆ. ತೊಲೆಯ ವಿಷಯವನ್ನು ಅವಳಿಗೆ ತಿಳಿಸಿ ಹೇಳಿದೆ. ಅವಳ ಮುಖದ ಬಣ್ಣವೇ ಹೋಯಿತು.

“ಹಂಗಾದ್ರೆ... ನಿಮ್ಮ ಗುಳ್ಳೆ ಓಡಿಸಿದ್ದು ನಾನೇನಾ? ನೆನ್ನೆ ನೀವು ಕೈ ಹೋಯ್ತು ಅಂತ ಊಟ ಬಿಟ್ಟಿದ್ದು ನನ್ನಿಂದ್ಲಾ?” ಕಾಲರನ್ನು ಮುದುಡಿಕೊಂಡಳು. “ಬರಲ್ಲ ಬಿಡಿ ಇನ್ಮೇಲೆ. ಕೆಳಗೇ ಇರ್ತೀನಿ.”

“ಇರಕ್ಕಾಗುತ್ತಾ?”

ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

“ಇಲ್ಲ,” ಎಂದಳು.

ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಕೆಳಗಿಳಿದು ಅವಳ ಊಟದ ಕುರ್ಚಿಯನ್ನೇ ಹೊತ್ತು ತಂದೆ. ಕೋಣೆಯ ಒಳಗೆ, ಬಾಗಿಲ ಪಕ್ಕದಲ್ಲಿಟ್ಟು, ಅದರ ನಾಲ್ಕು ಕಾಲಿನ ಸುತ್ತ ಸೀಮೆಸುಣ್ಣದಲ್ಲಿ ಗುಂಡಗೆ ಬರೆದೆ.

“ಕೂತ್ಕೋ.”

“ಒಳಗಾ?” ಹೊಸಿಲ ಹತ್ತಿರ ನಿಂತು ರಟ್ಟನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

“ಬಂದು ಬಂದು ಹೋದ್ರೆ ತಾನೇ ತಪ್ಪು? ಬಂದು ಕೂತುಬಿಟ್ರೆ ನಿನ್ನ ಭಾರನೂ ಲೆಕ್ಕಕ್ಕೆ ಸೇರುತ್ತೆ. ಗುಳ್ಳೆಗೆ ಅಷ್ಟು ಸಾಕು.”

ಅವಳು ಬಲಗಾಲನ್ನು ಹೊಸಿಲಿನ ಈಚೆಗೆ, ತಣ್ಣೀರಿಗೆ ಇಳಿಯುವವಳ ಹಾಗೆ ಇಟ್ಟಳು. ಕುರ್ಚಿ ಟಕ್ಕೆಂದಿತು.

“ಗುಂಡಿ ಹೊಲೀಬಹುದಾ?”

“ಬೇಡ. ಕೈ ಆಡಬಾರದು.”

“ಉಸಿರು?”

“ಅದಕ್ಕೆ ಅಡ್ಡಿಯಿಲ್ಲ. ಮೆಲ್ಲಗೆ.”

ಮೊದಲ ಕಾಲು ಗಂಟೆ ಬೊಂಬೆಯ ಹಾಗೆ ಕೂತಿದ್ದಳು. ಅವಳ ಭಾರಕ್ಕೆ ಗುಳ್ಳೆ ಕಿಟಕಿಯ ಕಡೆಗೆ ಮೂರನೇ ಗೆರೆಗೆ ಸರಿದು, ಅಲ್ಲಿಂದ ಕೂದಲಷ್ಟೂ ಕದಲದೆ ನಿಂತಿತು. ನಾಲ್ಕು ದಿನದಲ್ಲಿ ಮೊದಲ ಸಲ ನಾನು ಕಾರಣದ ಜಾಗ ಖಾಲಿ ಬಿಟ್ಟು ಬರೆದುಕೊಂಡೆ. ಕೈಗವಸು ಹಾಕಿಕೊಂಡು ಲೆವೆಲ್ಲನ್ನು ತಿರುಗಿಸಿಟ್ಟು, ಮತ್ತೆ ಪಾದದ ಮೇಲೆ ನಿಂತೆ. ಅವಳಿಗೆ ನನ್ನ ಬೆನ್ನು, ನನಗೆ ಗುಳ್ಳೆ. ಗುಳ್ಳೆ ಈ ಸಲ ನಾಲ್ಕರ ಹತ್ತಿರ ಹೋಗಿ ನಿಧಾನಿಸಿತು.

“ರೀ,” ಎಂದಳು. “ಮಾತಾಡಬಹುದಾ?”

“ಹ್ಞೂಂ. ಅಲುಗಬೇಡ.”

“ಅವತ್ತು ನಾನು ಮೇಲೆ ಬಂದಿದ್ದೆ.”

ಯಾವತ್ತು ಎಂದು ಕೇಳುವ ಅಗತ್ಯವಿರಲಿಲ್ಲ.

“ಚಹಾ ತಂದಿದ್ದೆ. ಬಾಗಿಲಲ್ಲಿ ರಟ್ಟಿತ್ತು. ಒಳಗೆ ಒಂಚೂರೂ ಸದ್ದಿರಲಿಲ್ಲ. ಗುಳ್ಳೆ ಕೆಲಸ, ಈಗ ಹೋದ್ರೆ ಬೈತೀರಿ ಅಂತ ಅಲ್ಲೇ ಮೆಟ್ಟಿಲ ಮೇಲೆ ಕೂತೆ. ನಲವತ್ತು ನಿಮಿಷ ಕೂತಿದ್ದೆ ರೀ. ಮೂರು ಕಾಲರು ಹೊಲಿದೆ. ಕತ್ತರಿ ಸದ್ದಾದ್ರೆ ನಿಮಗೆ ತೊಂದ್ರೆ ಅಂತ ದಾರನ ಹಲ್ಲಲ್ಲಿ ಕಚ್ಚಿ ಕಚ್ಚಿ ಕಡಿದೆ. ನೀವು ಬಾಗಿಲಾಚೆ ನೆಲದ ಮೇಲೆ ಬಿದ್ದಿದ್ರಿ. ನಾನು ಸದ್ದು ಮಾಡಬಾರದು ಅಂತ ಕೂತಿದ್ದೆ.”

ನಾನು ತಿರುಗಿ ನೋಡಲಿಲ್ಲ. ಗುಳ್ಳೆ ನೋಡುವಾಗ ತಿರುಗಬಾರದೆಂಬ ನಲವತ್ತು ವರ್ಷದ ಅಭ್ಯಾಸ ಕುತ್ತಿಗೆಯಲ್ಲೇ ಕೂತಿತ್ತು. ಅವಳಿಂದ ಒಂದು ಬಿಕ್ಕೂ ಕೇಳಿಸಲಿಲ್ಲ. ಆದರೆ ನಾಲ್ಕನೇ ಗೆರೆಯ ಪಕ್ಕದಲ್ಲಿ ನಿಂತಿದ್ದ ಗುಳ್ಳೆ ನಡುಗತೊಡಗಿತು. ಆ ಕಡೆ ಕಾಲು ಗೆರೆ, ಈ ಕಡೆ ಕಾಲು ಗೆರೆ. ತಡೆದು, ಮತ್ತೆ ನಡುಗಿತು. ಕುರ್ಚಿಯ ಗಿಡ್ಡ ಕಾಲು ಹಲಗೆಯ ಮೇಲೆ ಮೆಲ್ಲಗೆ ಟಕ್ ಟಕ್ ಎಂದಿತು. ಅವಳು ಅಳುತ್ತಿದ್ದಳು. ಒಂದು ವರ್ಷದಿಂದ ಹೀಗೇ ಸದ್ದಿಲ್ಲದೆ ಅಳುತ್ತಿದ್ದಳೆಂದು ನನಗೆ ಆಗ ಗೊತ್ತಾಯಿತು.

ನಲವತ್ತು ವರ್ಷದಲ್ಲಿ ಗುಳ್ಳೆಯ ಒಂದು ಓದನ್ನೂ ಅರ್ಧಕ್ಕೆ ಬಿಟ್ಟವನಲ್ಲ ನಾನು. ಸೀಮೆಸುಣ್ಣದ ಪಾದಗಳನ್ನು ಬಿಟ್ಟು ಅವಳ ಹತ್ತಿರ ಹೋದೆ. ಗುಳ್ಳೆ ಯಾವ ಕಡೆಗೆ ಓಡಿತೋ ನೋಡಲಿಲ್ಲ. ಎಣ್ಣೆ ಮೆತ್ತಿದ ಅಂಗಿಗೆ ಅವಳ ತಲೆಯನ್ನು ಒತ್ತಿ ಹಿಡಿದುಕೊಂಡೆ.

“ನನ್ನ ತಪ್ಪು,” ಎಂದಳು ನನ್ನ ಅಂಗಿಯೊಳಗಿಂದ.

“ಆ ರಟ್ಟು ಬರೆದೋನು ಯಾರು? ನೇತು ಹಾಕಿದೋನು ಯಾರು? ಬೈದು ಬೈದು ನಿನ್ನ ಮೆಟ್ಟಿಲ ಮೇಲೆ ಕೂರಿಸಿದೋನು ಯಾರು?”

ನಮ್ಮ ಕೆಲಸದಲ್ಲಿ ತಪ್ಪು ಅರ್ಧ ಕಲ್ಲಿನದು, ಅರ್ಧ ಲೆವೆಲ್ಲಿನದು. ಇದರಲ್ಲಿ ಅವಳ ಪಾಲಿಗೆ ಅರ್ಧವೂ ಇಲ್ಲ, ಕಾಲೂ ಇಲ್ಲ. ಹಾಗೆಂದು ಅವಳಿಗೆ ಬಾಯಿಬಿಟ್ಟು ಹೇಳಿದೆ. ಕೊನೆಗೆ ನೀನು ಬಾಗಿಲು ತೆಗೆದು ಬಂದಿದ್ದಕ್ಕೇ ನಾನು ಉಳಿದಿದ್ದು ಎಂದೂ ಹೇಳಿದೆ. ಇಂಥ ಮಾತು ಆಡಿ ನನಗೆ ರೂಢಿಯಿಲ್ಲ, ಎರಡು ಸಲ ತಡವರಿಸಿದೆ.

ಅವಳು ಮೂಗು ಒರೆಸಿಕೊಂಡು ಎದ್ದು ನಿಂತಾಗ ಕುರ್ಚಿ ಮತ್ತೆ ಟಕ್ಕೆಂದಿತು. ನಾನು ಬಾಗಿಲಿಗೆ ಹೋಗಿ ರಟ್ಟನ್ನು ಮೊಳೆಯಿಂದ ಬಿಡಿಸಿದೆ. ನಾಲ್ಕು ಮಡಿಕೆ ಮಾಡಿ, ಕತ್ತರಿಯಲ್ಲಿ ಅಂಚು ಸವರಿ, ಕುರ್ಚಿಯ ಗಿಡ್ಡ ಕಾಲಿನ ಕೆಳಗಿಟ್ಟೆ. ಸ್ವಲ್ಪ ಹೆಚ್ಚಾಯಿತು. ಒಂದು ಪದರ ತೆಗೆದೆ. ಈಗ ಸರಿಯಾಯಿತು.

ಅವಳು ಕೂತು, ಸೊಂಟ ಆ ಕಡೆ ಈ ಕಡೆ ಅಲುಗಿಸಿ ನೋಡಿದಳು. “ಅಂತೂ ಬಂತು ಆ ನಾಳೆ,” ಎಂದಳು.

ಆ ಮಧ್ಯಾಹ್ನ ಮೊದಲಿಂದ ಶುರು ಮಾಡಿದೆವು. ಒಂದು ಕಡೆಯಿಂದ ಮೂರು ಗೆರೆ, ತಿರುಗಿಸಿದರೆ ನಾಲ್ಕು. ಒಂದು ಗೆರೆಯ ವ್ಯತ್ಯಾಸ, ಅದರಲ್ಲಿ ಅರ್ಧ ತಿರುಪಿನಿಂದ ತೆಗೆದೆ. ಕೈ ನಡುಗಲಿಲ್ಲ. ಮತ್ತೆ ನೋಡಿದರೆ ಮೂರೂವರೆ. ತಿರುಗಿಸಿದರೂ ಮೂರೂವರೆ. ಖಾತ್ರಿಗೆ ಇನ್ನೊಂದು ಸಲ, ಅದೇ ಮೂರೂವರೆ. ಅಷ್ಟರಲ್ಲಿ ಇವಳು ಕೂತಲ್ಲೇ ನಿದ್ದೆ ಹೋಗಿದ್ದಳು.

ಶನಿವಾರ ಬೆಳಿಗ್ಗೆ ಉದ್ದಣ್ಣ ಬಗ್ಗಿ ಒಳಗೆ ಬಂದವನು ಬಾಗಿಲ ಪಕ್ಕದಲ್ಲಿ ಇವಳನ್ನು ನೋಡಿ ಗಕ್ಕನೆ ನಿಂತ. “ಅಮ್ಮ, ನೀವು ಇಲ್ಲಿ? ಒಳಗೆ?”

“ಅವಳು ಎದ್ರೆ ನನ್ನ ಲೆಕ್ಕ ತಪ್ಪುತ್ತೆ ಕಣೋ. ನೀನು ಕಲ್ಲಿನ ಪಕ್ಕ ಬಂದು ನಿಂತ್ಕೋ, ಆಮೇಲೆ ಅಲುಗಬೇಡ,” ಎಂದೆ. ಕಾಲು ಗಂಟೆ ಕಾಯಿಸಿ, ತಿರುಗಿಸಿ, ಮತ್ತೆ ಕಾಯಿಸಿ, ಎರಡು ಓದನ್ನೂ ಅವನ ಕಣ್ಣಿಂದಲೇ ಓದಿಸಿದೆ. ಅವನು ಲೆವೆಲ್ಲನ್ನು ಉಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡ. ಮಗಳಿಗೆ ಫೋನ್ ಮಾಡಿ ಕೋಣೆ ನನ್ನದೇ ಎಂದೆ. ಅಮ್ಮ ಏನಂತಾರೆ ಎಂದು ಕೇಳಿದಳು. ಅಮ್ಮನದೂ ಒಂದು ಕುರ್ಚಿಯಿದೆ ಇಲ್ಲಿ, ಬಂದು ನೋಡು ಎಂದೆ.

ಉದ್ದಣ್ಣ ಹೋದ ಮೇಲೆ ನೋಟ್‌ಬುಕ್ ತೆಗೆದು, ಮಂಗಳವಾರದ ಪುಟದಿಂದ ಶುರು ಮಾಡಿದೆ. ಕಾರಣದ ಜಾಗದಲ್ಲಿ ‘ತಿಳಿಯದು’ ಎಂದಿದ್ದನ್ನು ಹೊಡೆದು ಹಾಕಿ ಪಕ್ಕದಲ್ಲಿ ‘ಇವಳು’ ಎಂದು ಬರೆದೆ. ಕೆಳಗಿನ ಸಾಲಿನಲ್ಲೂ ಹಾಗೇ. ಅದರ ಕೆಳಗೂ ಹಾಗೇ.

ಗುಂಡಿ ಹೊಲಿಯುತ್ತಿದ್ದವಳು ಎದ್ದು ಬಂದು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. ಬೆರಳಿಟ್ಟು ಸಾಲುಗಳನ್ನು ಎಣಿಸಿದಳು.

“ಮೂವತ್ತೊಂದು ಸಲ ಬರೀತೀರಾ?” ಎಂದಳು ಆಮೇಲೆ. “ಒಂದ್ಸಲ ಬರೆದು ಕೆಳಗೆಲ್ಲ ಒಂದು ಗೆರೆ ಎಳೆದ್ರೆ ಆಗ್ತಿತ್ತಪ್ಪ.”

“ಆಗಲ್ಲ,” ಎಂದೆ. “ಆ ಮಂಡಿ ಇಟ್ಕೊಂಡು ನೀನು ಮೂವತ್ತೊಂದು ಸಲವೂ ಹತ್ತಿ ಬಂದಿದ್ದೀಯಲ್ಲ.”